ಒಂಟಿ ಮರದ ಬೀಜ

ಇದು ನನಗೇ ಆದದ್ದು. ನಮ್ಮ ಖಾಸಿ ಬೆಟ್ಟದ ದೇವರಕಾಡಿನಲ್ಲಿ ಆ ಜಾತಿಯ ಮರ ಒಂದೇ ಒಂದು ಉಳಿದಿತ್ತು. ಸಸಿ ಬೆಳೆಸುವ ನಾನು ಅದರ ಬೀಜಕ್ಕಾಗಿ ಕಾಡಿನ ಪೂಜಾರಿ ಶೆಂಬೋರ್ ಮಾವನನ್ನು ಕಾಡಿದೆ.

"ನೋಡ್ಕೊಂಡು ಬಾ ದಾಪ್ಲಿನ್, ಅಷ್ಟೇ. ಒಂದೆಲೆ ಹೊರಗೆ ತಂದ್ರೂ ನಮ್ಮ ಕುಲಾನೇ ಉಳಿಯಲ್ಲ," ಎಂದು ಅಡಿಕೆ ಜಗಿಯುತ್ತಾ ಗದರಿದರು.

ನಡುಮಧ್ಯಾಹ್ನ ಒಳಗೆ ಕಾಲಿಟ್ಟೆ. ಜೀರುಂಡೆಗಳ ಸದ್ದು ಒಮ್ಮೆಲೇ ನಿಂತಿತು. ಹಿಂದೆ ತರಗೆಲೆಯ ಮೇಲೆ ಯಾರೋ ನಡೆಯುತ್ತಿದ್ದರು. ನಾನು ನಿಂತರೆ ಒಂದು ಹೆಜ್ಜೆ ಹೆಚ್ಚಿಗೆ ಇಟ್ಟು ನಿಲ್ಲುತ್ತಿದ್ದರು. ಮರದ ಬುಡದಲ್ಲಿ ಒಂದು ಬೀಜವೂ ಇರಲಿಲ್ಲ. ಕತ್ತಿನ ಹಿಂಬದಿಗೆ ತಣ್ಣನೆಯ ಉಸಿರು ತಾಗಿತು. ಬರಿಗೈಯಲ್ಲಿ ಓಡಿ ಬಂದೆ.

ಮನೆಯಲ್ಲಿ ನೋಡಿದರೆ ಹೆಗಲಬಟ್ಟೆಯ ತುದಿಯಲ್ಲಿ ನಾನು ಹಾಕದ ಗಂಟು. ಬಿಚ್ಚಿದೆ, ಏಳು ಒದ್ದೆ ಬೀಜಗಳು. ಅಳುತ್ತಾ ಮಾವನ ಬಳಿ ಒಯ್ದೆ. ಅವರು ಬೀಜಗಳನ್ನು ಒಂದೊಂದಾಗಿ ಎಣಿಸಿ ನನ್ನ ಕೈಗೇ ಹಾಕಿದರು.

"ನೀನು ತಂದಿಲ್ಲ ಕಣೇ, ಕಾಡೇ ಕೊಟ್ಟು ಕಳಿಸಿದೆ. ಅಳೋದು ಬಿಟ್ಟು ನೆಡು ಹೋಗು!"

ಐದು ಮೊಳೆತವು, ಎಲೆ ಥೇಟ್ ಆ ಒಂಟಿ ಮರದ್ದೇ. ಈಗ ನನ್ನ ಎದೆಮಟ್ಟಕ್ಕೆ ಬಂದಿವೆ. ಕಳೆದ ವರ್ಷ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಬಂದು, ಕಾಡಿನ ಮರದ ಹೂವನ್ನು ಅಲ್ಲೇ ನಿಂತು ಪರೀಕ್ಷಿಸಿದರು. ಈ ಜಾತಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆಬೇರೆಯಂತೆ. ನಮ್ಮದು ಗಂಡು, ಅದು ಬೀಜ ಬಿಡುವುದೇ ಇಲ್ಲವಂತೆ.