ಪಟ್ಟಿಯ ಕೊನೆಯ ಸಾಲು

"ನಿನ್ನ ಲಿನಕ್ಸು ಪೆಟ್ಟಿಗೆಗೆ ಅದೇನಾಯ್ತೋ, ಮದುವೆ ಸೈಟು ಓಪನ್ನೇ ಆಯ್ತಾ ಇಲ್ಲ ಕಣಪ್ಪ. ಬಂದು ಸರಿ ಮಾಡ್ಕೊಡು," ಎಂದು ಗುರುಶಾಂತಮ್ಮ ಫೋನು ಮಾಡಿದಾಗ ಶಿವಶಂಕರ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಯಾರ ಮದುವೆ ಅಂತ ಕೇಳಬೇಕೇ? ಆ ಮನೆಯಲ್ಲಿ ಮದುವೆಗಿದ್ದವಳು ಮಗಳು ಶಾಂತಲಾ ಒಬ್ಬಳೇ.

ಎರಡು ಸಾವಿರದ ಏಳರ ಮಾತು. ಪಿರಿಯಾಪಟ್ಟಣದ ಮನೆಯ ಮುಂಗೋಣೆಯಲ್ಲಿ ಶಾಂತಲಾ ನಾಲ್ಕು ಕಂಪ್ಯೂಟರ್ ಇಟ್ಟು ಬ್ರೌಸಿಂಗ್ ಸೆಂಟರ್ ನಡೆಸುತ್ತಿದ್ದಳು. ರಿಸಲ್ಟ್ ನೋಡಲು ಬಂದ ಹೆಣ್ಣುಮಕ್ಕಳ ಮುಂದೆ ದರಿದ್ರ ಜಾಹೀರಾತುಗಳು ಎದ್ದೆದ್ದು ಬರುವುದಕ್ಕೆ ರೋಸಿಹೋಗಿ, ಬಸ್ ಸ್ಟ್ಯಾಂಡ್ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದ ಶಿವಶಂಕರನನ್ನು ಕರೆಸಿದ್ದಳು. ಅವನು ಹಳೇ ಕಂಪ್ಯೂಟರೊಂದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ಮನೆಯ ಕಂಪ್ಯೂಟರುಗಳೆಲ್ಲ ಅದನ್ನು ಕೇಳಿಯೇ ಇಂಟರ್ನೆಟ್ಟಿಗೆ ಹೋಗುವಂತೆ ಮಾಡಿದ್ದ.

"ಇದ್ರೊಳಗೆ ಒಂದು ಪಟ್ಟಿ ಇದೆ ಕಣ್ರೀ. ಅದ್ರಲ್ಲಿರೋ ಸೈಟಿನ ಹೆಸರು ಯಾರು ಕೇಳಿದ್ರೂ, ಅಂಥೋರು ಇಲ್ಲಿಲ್ಲ ಅಂತ ವಾಪಸ್ ಕಳಿಸ್ತದೆ."

"ಇನ್ಶೂರೆನ್ಸ್‌ನೋರಿಗೆ ನಮ್ಮವ್ವ ಹೇಳೋ ಹಂಗೆ!" ಎಂದು ಅವಳು ಓರೆಗಣ್ಣಲ್ಲಿ ನಕ್ಕಿದ್ದಳು.

ಪಟ್ಟಿಗೆ ಹೊಸ ಸಾಲು ಸೇರಿಸುವುದನ್ನು ಕಲಿಸುವಾಗ ಇಬ್ಬರ ಬೆರಳೂ ಒಂದೇ ಕೀ ಮೇಲೆ ಬಿದ್ದವು. ತೆಗೆಯುವ ಅವಸರ ಇಬ್ಬರಿಗೂ ಇರಲಿಲ್ಲ. ಆಮೇಲೆ ಫ್ಯಾನು ನೋಡ್ಬೇಕು, ವೈರು ನೋಡ್ಬೇಕು ಅಂತ ಆರು ಸಲ ಬಂದ ಪುಣ್ಯಾತ್ಮ, ಹೇಳಬೇಕಾದ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿ ಹೋಗಿದ್ದ.

ಈಗ ಬಂದು ಕೂತ. ಆಯುಧಪೂಜೆಯ ದಿನ ಗುರುಶಾಂತಮ್ಮ ಪೆಟ್ಟಿಗೆಗೆ ಬಳಿದ ವಿಭೂತಿ ಇನ್ನೂ ಅಳಿಸಿರಲಿಲ್ಲ.

"ಹಾಸನದೋರು ಹುಡುಗನ ಫೋಟೋ ಹಾಕವ್ರಂತೆ. ನಾಳೆಯೊಳಗೆ ನೋಡಿ ಹೇಳ್ಬೇಕು," ಎಂದರು ಅವರು.

ಶಾಂತಲಾ ಕಾಫಿ ತಂದಿಟ್ಟಳು. ಅವನ ಮುಖ ನೋಡಲಿಲ್ಲ.

ಅವನು ಪಟ್ಟಿ ತೆರೆದ. ತಾನು ಹಾಕಿದ ಸಾಲುಗಳೆಲ್ಲ ಹಾಗೇ ಇದ್ದವು. ಕಟ್ಟಕಡೆಗೆ ತಾನು ಹಾಕದ ಒಂದು ಸಾಲು: ಆ ಮದುವೆ ಸೈಟಿನ ಹೆಸರು. ಆ ಪಟ್ಟಿಗೆ ಕೈಹಾಕಲು ಬರುತ್ತಿದ್ದದ್ದು ಇಬ್ಬರಿಗೇ.

"ಆರು ಸಲ ಬಂದ್ರಿ," ಎಂದಳು ಶಾಂತಲಾ, ಅವನಿಗಷ್ಟೇ ಕೇಳುವಂತೆ. "ಅಂಥೋರು ಇಲ್ಲಿಲ್ಲ ಅಂತ ನಾನೊಬ್ಳೇ ಎಷ್ಟು ದಿನ ಹೇಳ್ಲಿ?"

"ತಪ್ಪು ಸಿಕ್ತೇನಪ್ಪ?" ಎಂದರು ಗುರುಶಾಂತಮ್ಮ.

ಸಾಲು ಅಳಿಸಿದರೆ ಹಾಸನದ ಹುಡುಗ ಬರುತ್ತಾನೆ. ಶಿವಶಂಕರ ಕೀಬೋರ್ಡಿನಿಂದ ಕೈ ತೆಗೆದ.

"ಸಿಕ್ತು ಕಣಮ್ಮ. ತಪ್ಪು ನಂದೇ. ನಿಮ್ಮ ಮಗಳನ್ನ ಕಂಡ್ರೆ ನಂಗೆ ಪ್ರಾಣ. ನಾಳೆ ನಮ್ಮವ್ವನ್ನ ಕರ್ಕೊಂಡು ಕೇಳೋಕೆ ಬತ್ತೀನಿ. ನೀವು ಬ್ಯಾಡ ಅಂದ್ರೆ, ಸೈಟು ನಾನೇ ಸರಿ ಮಾಡ್ಕೊಟ್ಟು ಹೋಯ್ತೀನಿ."

ಗುರುಶಾಂತಮ್ಮ ಇಬ್ಬರನ್ನೂ ನೋಡಿದರು.

"ಆರು ಸಲವೂ ಕಾಫಿ ಕಾಸಿದೋಳು ನಾನು ಕಣಪ್ಪ. ನಂಗೂ ಕಣ್ಣೈತೆ," ಎಂದರು. "ರಾಹುಕಾಲ ಕಳೆದ್ಮೇಲೆ ಕರ್ಕೊಂಡು ಬಾ. ಈಗ ಕಾಫಿ ಕುಡಿ, ಆರೋಯ್ತದೆ."

ಆ ಸಾಲನ್ನು ಯಾರೂ ಅಳಿಸಲಿಲ್ಲ.