ಮೂರು ಆಕ್ಸಿಜನ್ ಮೀಟರ್‌ಗಳು ಕಾಣೆಯಾದ ಮಧ್ಯಾಹ್ನ

2024ರ ನವೆಂಬರ್ 19, ಮಂಗಳವಾರ. ಮಧ್ಯಾಹ್ನ ಎರಡು ನಲವತ್ತಕ್ಕೆ ಮಹದೇವಪುರ ಠಾಣೆಯ ಮೆಟ್ಟಿಲು ಹತ್ತಿ ಬಂದ ಸುದರ್ಶನ್ ಎಂಬುವವರು ಬಾಯಿ ತೆರೆಯುವ ಮೊದಲೇ ಮೂರು ಸಲ ಗಡಿಯಾರ ನೋಡಿದರು. ಇನ್‌ಸ್ಪೆಕ್ಟರ್ ರುದ್ರಾಣಿ ಆಗಷ್ಟೇ ಊಟದ ಡಬ್ಬಿ ಮುಚ್ಚಿದ್ದರು. ಹೊಟ್ಟೆ ತುಂಬಿದ ಮೇಲೆ ಬರುವ ದೂರುದಾರರ ಮೇಲೆ ಅವರಿಗೆ ಒಂದಿಷ್ಟು ಹೆಚ್ಚೇ ಮಮತೆ.

"ಏನು ಕಳುವಾಗಿದೆ?"

"ಮೂರು ಆಕ್ಸಿಜನ್ ಮೀಟರ್, ಮೇಡಂ. ಸ್ಟೋರ್ಸ್ ಬೀರುವಿಂದ."

"ಬೆರಳಿಗೆ ಹಾಕ್ತಾರಲ್ಲ, ಅದಾ?"

"ಅಲ್ಲ ಮೇಡಂ. ಇದು ಗಾಳೀಲಿ ಆಕ್ಸಿಜನ್ ಎಷ್ಟಿದೆ ಅಂತ ತೋರ್ಸೋದು. ಅದಿಲ್ದೆ ನಮ್ಮ ಗುಂಡಿಗೆ ಯಾರೂ ಇಳಿಯೋ ಹಾಗಿಲ್ಲ."

ಸುದರ್ಶನ್ ಹೇಮಕೂಟ ಹೀಟ್ ಟ್ರೀಟರ್ಸ್ ಎಂಬ ಕಾರ್ಖಾನೆಯ ಮ್ಯಾನೇಜರ್. ಅಲ್ಲಿ ಉಕ್ಕಿನ ಬಿಡಿಭಾಗಗಳನ್ನು ನೆಲದೊಳಗಿನ ಆಳವಾದ ಗುಂಡಿ ಒಲೆಯಲ್ಲಿ, ನೈಟ್ರೋಜನ್ ತುಂಬಿಸಿ ಕಾಯಿಸುತ್ತಾರೆ. ವರ್ಷಕ್ಕೊಮ್ಮೆ ಒಲೆ ಆರಿಸಿ, ಒಬ್ಬ ಕೆಳಗಿಳಿದು ಕಿಟ್ಟ ಕೆರೆಯಬೇಕು. ನೈಟ್ರೋಜನ್ನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗುಂಡಿಯ ತಳದಲ್ಲಿ ಅದು ಉಳಿದಿದ್ದರೆ ಇಳಿದವನಿಗೆ ಮೊದಲು ಮಂಪರು ಬರುತ್ತದೆ, ಆಮೇಲೆ ಕೂಗಲೂ ಶಕ್ತಿ ಇರುವುದಿಲ್ಲ. ಅದಕ್ಕೇ ಮೊದಲು ಮೀಟರನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ನೋಡುತ್ತಾರೆ. ಒಳ್ಳೆಯ ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ 20.9. ಅದು 19.5ಕ್ಕಿಂತ ಕೆಳಗಿಳಿದರೆ ಮೀಟರ್ ಕೂಗುತ್ತದೆ.

"ಇವತ್ತು ಎರಡು ಗಂಟೆಗೆ ನಮ್ಮ ಆಪರೇಟರ್ ಸೀನ ಇಳೀಬೇಕಿತ್ತು. ಬಾಡಿಗೆ ಮೀಟರ್ ತರ್ಸೋಣ ಅಂದ್ರೆ ಗುರುವಾರದ ತನಕ ಸಿಗಲ್ವಂತೆ. ಹೇಗಾದ್ರೂ ಹುಡುಕ್ಕೊಡಿ ಮೇಡಂ."

ಮೂರು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಮೂರೂವರೆಗೆ ರುದ್ರಾಣಿ ಮತ್ತು ಕಾನ್‌ಸ್ಟೇಬಲ್ ಈರೇಶ ಕಾರ್ಖಾನೆಯಲ್ಲಿದ್ದರು. ಸಾಲು ಶೆಡ್‌ಗಳ ನಡುವಿನ ಒಂದು ಶೆಡ್ ಅದು. ಶಟರ್ ದಾಟಿದರೆ ರಸ್ತೆ, ಎದುರಿಗೆ ಒಂದು ಹೊಂಗೆ ಮರ. ಪಂಚರ ಸಮಕ್ಷಮ ಬೀರು ನೋಡಿದರು. ಬೀಗ ಒಡೆದಿರಲಿಲ್ಲ.

ಸ್ಟೋರ್ಸ್ ನೋಡಿಕೊಳ್ಳುವ ಶಾಂತಕುಮಾರಿ, ಐವತ್ತು ದಾಟಿದ ಹೆಂಗಸು, ಇದು ತನ್ನ ಮರ್ಯಾದೆಯ ಪ್ರಶ್ನೆ ಎಂಬಂತೆ ಸೆರಗು ಬಿಗಿದು ನಿಂತಿದ್ದರು.

"ಕೀ ಎಲ್ಲಿರುತ್ತೆ?"

"ನನ್ನ ಹತ್ರಾನೇ ಇರುತ್ತೆ ಮೇಡಂ."

"ಊಟಕ್ಕೆ ಹೋದಾಗ?"

ಶಾಂತಕುಮಾರಿ ಗೋಡೆಯ ಕಡೆ ಕೈ ತೋರಿಸಿದರು. "ಕ್ಯಾಲೆಂಡರ್ ಹಿಂದೆ ಮೊಳೆಗೆ ನೇತ್ಹಾಕ್ತೀನಿ."

"ಅದು ಯಾರ್ಯಾರಿಗೆ ಗೊತ್ತು?"

"ಎಲ್ರಿಗೂ."

ಈರೇಶ ನಗು ತಡೆಯಲು ಆ ಕಡೆ ತಿರುಗಿಕೊಂಡ. ಅದನ್ನು ಕಂಡು ಶಾಂತಕುಮಾರಿಗೆ ರೇಗಿತು. "ನಗಬೇಡಿ ಸಾರ್! ನನ್ನ ಗೇಟ್ ಪಾಸ್ ಇಲ್ದೆ ಇಲ್ಲಿಂದ ಒಂದು ಸ್ಕ್ರೂ ಹೊರಗೆ ಹೋಗಲ್ಲ. ಏನು ವಸ್ತು, ಯಾಕೆ ಹೊರಗೆ ಹೋಗ್ತಿದೆ, ಎಲ್ಲಾ ಬರೀಬೇಕು, ಮ್ಯಾನೇಜರ್ ಸೈನ್ ಬೇಕು. ಸೆಕ್ಯುರಿಟಿ ಟಿಫನ್ ಬ್ಯಾಗೂ ಬಿಚ್ಚಿ ನೋಡ್ತಾನೆ."

ರುದ್ರಾಣಿ ಗೇಟ್ ಪಾಸ್ ಪುಸ್ತಕ ತಿರುವಿದರು. ಬೆಳಿಗ್ಗೆ ಲಾರಿಗೆ ಹರಿದದ್ದು ಬಿಟ್ಟರೆ ಆ ದಿನ ಒಂದೂ ಹರಿದಿರಲಿಲ್ಲ. ಗೇಟಿನ ಕ್ಯಾಮೆರಾದಲ್ಲೂ ಊಟದ ಹೊತ್ತಿನಿಂದ ಸುದರ್ಶನ್ ಬಿಟ್ಟು ಯಾರೂ ಹೊರಗೆ ಹೋಗಿರಲಿಲ್ಲ.

"ಹಾಗಾದ್ರೆ ಮೀಟರ್ ಇನ್ನೂ ಒಳಗೇ ಇವೆ. ಈರೇಶ, ಶುರು ಮಾಡಪ್ಪ."

ಈರೇಶ ಹಾವೇರಿ ಕಡೆಯವನು. ಹುಡುಕು ಎಂದರೆ ಸಾಕು, ಇರುವೆ ಗೂಡನ್ನೂ ಬಿಡುವವನಲ್ಲ. ಕ್ಯಾಂಟೀನು, ಲಾಕರು, ಜನರೇಟರ್ ಕೋಣೆ ಮುಗಿಸಿ, ನಾಲ್ಕು ಐವತ್ತಕ್ಕೆ ಕಾರ್ಮಿಕರ ಆಟದ ಕೋಣೆಯಿಂದ ಕೂಗಿದ. "ಮೇಡಂ, ಇಲ್ಲಿ ಅದಾವ್ರೀ!"

ಕೇರಂ ಬೋರ್ಡುಗಳ ಹಿಂದೆ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಮೂರೂ ಮೀಟರ್. ಪ್ರತಿಯೊಂದನ್ನೂ ಒಗೆದ ಬನಿಯನ್ ಬಟ್ಟೆಯಲ್ಲಿ ಸುತ್ತಿತ್ತು. ಗಾಳಿ ಹೋಗುವ ಬಾಯಿಗೆ ಮುಚ್ಚಳ ಹಾಕಿತ್ತು. ಬ್ಯಾಟರಿ ಬಿಚ್ಚಿ ಬೇರೆ ಕಾಗದದಲ್ಲಿ ಮಡಚಿಟ್ಟಿತ್ತು. ರುದ್ರಾಣಿ ಹದಿನೆಂಟು ವರ್ಷದ ಸೇವೆಯಲ್ಲಿ ಬಗೆಬಗೆಯ ಕಳವಿನ ಮಾಲು ಕಂಡವರು. ಬಾಣಂತಿಯ ಕೂಸಿನ ಹಾಗೆ ಬೆಚ್ಚಗೆ ಸುತ್ತಿಟ್ಟ ಮಾಲನ್ನು ಇದೇ ಮೊದಲು ನೋಡಿದ್ದು.

"ಇಲ್ಲಿ ಬ್ಯಾಟರಿ ಬಿಚ್ಚಿಡೋ ಅಭ್ಯಾಸ ಯಾರಿಗಿದೆ?"

"ಗುರುಶಾಂತಣ್ಣಂಗೆ," ಎಂದ ಬಾಗಿಲಲ್ಲಿ ನಿಂತಿದ್ದ ಸೀನ, ತಕ್ಷಣ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಕಡ್ಡಿಯಂಥ ಆಳು, ಮೂವತ್ತೆರಡರ ವಯಸ್ಸು. ಗುಂಡಿಯ ಬಾಯಿಯೊಳಗೆ ಸಲೀಸಾಗಿ ತೂರುವ ಮೈ ಅವನದೊಂದೇ ಆದ್ದರಿಂದ ಏಳು ವರ್ಷದಿಂದ ಅವನೇ ಇಳಿಯುತ್ತಿದ್ದ.

ಗುರುಶಾಂತಪ್ಪ ಮೀಟರ್‌ಗಳ ಉಸ್ತುವಾರಿಯ ಟೆಕ್ನಿಷಿಯನ್. ಹರಿಹರದವರು, ಐವತ್ತೇಳರ ವಯಸ್ಸು, ಹಣೆಯಲ್ಲಿ ವಿಭೂತಿ. ಇಪ್ಪತ್ತೊಂಬತ್ತು ವರ್ಷ ಇದೇ ಕೆಲಸ. ಸೆನ್ಸರ್ ಬದಲಿಸುವುದು, ಫಿಲ್ಟರ್ ಒರೆಸುವುದು, ತಿಂಗಳಿಗೊಮ್ಮೆ ಒಳ್ಳೆಯ ಗಾಳಿಯಲ್ಲಿ ಹಿಡಿದು 20.9ಕ್ಕೆ ಹೊಂದಿಸುವುದು, ಚೀಟಿ ಅಂಟಿಸಿ ಸಹಿ ಮಾಡುವುದು, ಎಲ್ಲ ಅವರದೇ.

"ನೀವೇನಾ ತೆಗೆದಿದ್ದು?" ಅವರನ್ನು ಕರೆಸಿ ರುದ್ರಾಣಿ ಕೇಳಿದರು.

ಗುರುಶಾಂತಪ್ಪ ಬಿಚ್ಚಿಹೋಗಿದ್ದ ಬನಿಯನ್ ಬಟ್ಟೆಯನ್ನು ಮತ್ತೆ ಮೀಟರಿಗೆ ಸುತ್ತತೊಡಗಿದರು.

"ಮಾರೋಕಾ?"

"ಶಿವಶಿವಾ!"

"ಮತ್ತೆ?"

ಗುರುಶಾಂತಪ್ಪ ನೆಲ ನೋಡಿದರು. ಅಷ್ಟರಲ್ಲಿ ಸುದರ್ಶನ್ ಕೈ ಉಜ್ಜುತ್ತ ಮುಂದೆ ಬಂದರು. "ಮೇಡಂ, ಅದೇನೇ ಇರ್ಲಿ. ಪಂಚನಾಮೆ ಆಯ್ತಲ್ಲ, ಒಂದು ಮೀಟರ್ ಮಾತ್ರ ನಮಗೆ ಕೊಟ್ಬಿಡಿ. ಬಾಂಡ್ ಬರ್ಕೊಡ್ತೀನಿ. ಮೊನ್ನೆ ಶನಿವಾರವಷ್ಟೇ ಚೆಕ್ ಆಗಿದೆ. ಸೀನ ಈಗ್ಲೇ ಇಳಿದ್ರೆ ಏಳು ಗಂಟೆಗೆ ಮುಗ್ಸಿಬಿಡ್ತಾನೆ."

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೇಗ ಮಾಲು ಸಿಕ್ಕಿದ ಖುಷಿಯಲ್ಲಿದ್ದ ರುದ್ರಾಣಿ ಮೂರರಲ್ಲಿ ಒಂದನ್ನು ಕೈಗೆತ್ತಿಕೊಂಡೇ ಬಿಟ್ಟರು. ಸೀನ ಆಗಲೇ ಸೊಂಟಕ್ಕೆ ಬೆಲ್ಟ್ ಬಿಗಿಯುತ್ತಿದ್ದ.

"ಕೊಡಬ್ಯಾಡ್ರೀ ಮೇಡಂ!" ಗುರುಶಾಂತಪ್ಪ ಕೂಗಿದ ರಭಸಕ್ಕೆ ಇಡೀ ಶೆಡ್ ತಿರುಗಿ ನೋಡಿತು. "ಅವು ಸುಳ್ಳು ಹೇಳ್ತಾವ್ರೀ. ಮೂರೂ. ಸುಳ್ಳು ಕಲಿಸಿದವನು ನಾನೇ."

ಸೀನನ ಕೈ ಬೆಲ್ಟಿನ ಮೇಲೇ ನಿಂತಿತು.

ಆಮೇಲೆ ಅವರು ಹೇಳಿದ್ದು ಇಷ್ಟು. ಇಷ್ಟು ವರ್ಷ ಮೀಟರ್‌ಗಳನ್ನು ಹೊರಗೆ, ಹೊಂಗೆ ಮರದ ಕೆಳಗೆ ಒಯ್ದು ಹೊಂದಿಸುತ್ತಿದ್ದರು. ಕಳೆದ ಶನಿವಾರ ಶಾಂತಕುಮಾರಿ ಬೀಗರ ಮನೆಯ ಗೃಹಪ್ರವೇಶಕ್ಕೆ ರಜೆ ಹಾಕಿದ್ದರು. ಗೇಟ್ ಪಾಸ್ ಬರೆದುಕೊಡುವವರಿರಲಿಲ್ಲ. ಗಾಳಿ ಎಲ್ಲಿದ್ದರೂ ಗಾಳಿಯೇ ಎಂದುಕೊಂಡು ಒಳಗೆ ತಮ್ಮ ಮೇಜಿನ ಮೇಲೆಯೇ ಮೂರನ್ನೂ 20.9ಕ್ಕೆ ಹೊಂದಿಸಿ ಸಹಿ ಹಾಕಿದರು. ಇವತ್ತು ಬೆಳಿಗ್ಗೆ ಲಾರಿಗೆ ಮಾಲು ಹಾಕಲು ಶಟರ್ ಪೂರ್ತಿ ಎತ್ತಿದ್ದರು. ಒಂದು ಮೀಟರ್ ಹಿಡಿದು ಆ ಕಡೆ ಹೋದಾಗ ಅದು 22.8 ತೋರಿಸಿತು.

"ಭೂಮಿ ಮ್ಯಾಲೆ ಎಲ್ಲೂ ಅಷ್ಟು ಇರಂಗಿಲ್ರೀ. ಅಂದ್ರೆ ನನ್ನ ಮೇಜಿನ ಹತ್ರದ ಗಾಳಿನೇ ಕೆಟ್ಟಿತ್ತು. ಎಲ್ಲೋ ನೈಟ್ರೋಜನ್ ಪೈಪು ಸೋರ್ತಾ ಐತಿ. ಕೆಟ್ಟ ಗಾಳೀನ ಒಳ್ಳೇದು ಅಂತ ಹೇಳ್ಕೊಟ್ಟೀನಿ ಇವಕ್ಕೆ. ಗುಂಡಿ ತಳದಾಗೂ ಅದನ್ನೇ ಹೇಳ್ತಾವು."

ಸರಿಪಡಿಸಲು ಹೊರಗೆ ಒಯ್ಯಬೇಕಿತ್ತು. ಶನಿವಾರವಷ್ಟೇ ಸಹಿ ಹಾಕಿದ್ದನ್ನು ಮತ್ತೆ ಒಯ್ಯಬೇಕೆಂದರೆ ಗೇಟ್ ಪಾಸಿನಲ್ಲಿ ಕಾರಣ ಬರೆಯಬೇಕಿತ್ತು. ಒಂದು ಹತ್ತಕ್ಕೆ ಅವರು ಮೊಳೆಯಿಂದ ಕೀ ತೆಗೆದರು. ಗುರುವಾರ ಬಾಡಿಗೆ ಮೀಟರ್ ಬರುತ್ತದೆ, ಅದರಿಂದ ಗಾಳಿ ನೋಡಿ ಸೀನನನ್ನು ಇಳಿಸಬಹುದು, ತನ್ನ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಅವರ ಲೆಕ್ಕ. ಪೊಲೀಸರು ಎರಡೇ ಗಂಟೆಯಲ್ಲಿ ಮಾಲು ಹುಡುಕಿ ಕೈಗಿಡುತ್ತಾರೆಂದು ಅವರು ಎಣಿಸಿರಲಿಲ್ಲ. ನಮ್ಮ ಪೊಲೀಸರ ಚುರುಕುತನದಿಂದ ಒಬ್ಬನ ಜೀವಕ್ಕೆ ಕುತ್ತು ಬರುವುದಿತ್ತು ಎಂದರೆ ನಂಬುವವರು ಕಡಿಮೆ, ಆದರೆ ನಡೆದದ್ದು ಅದೇ.

"ಇದನ್ನ ಪರೀಕ್ಷೆ ಮಾಡ್ಬಹುದಾ?" ರುದ್ರಾಣಿ ಕೇಳಿದರು.

"ಹೊರಗೆ ಒಯ್ದು ನೋಡ್ರಿ."

ಶಟರ್ ಹತ್ತಿರ ಸೆಕ್ಯುರಿಟಿ ಅಡ್ಡ ನಿಂತ. ಗೇಟ್ ಪಾಸ್ ಎಲ್ಲಿ ಎಂದು ಇನ್‌ಸ್ಪೆಕ್ಟರನ್ನೇ ಕೇಳಿದ. ಸುದರ್ಶನ್ ತಲೆ ಚಚ್ಚಿಕೊಂಡರು. ಶಾಂತಕುಮಾರಿ ಮಾತ್ರ ಗಂಭೀರವಾಗಿ ಪುಸ್ತಕ ತೆರೆದು, ವಸ್ತು: ಮೀಟರ್ ಮೂರು, ಕಾರಣ: ಗಾಳಿ ತೋರಿಸಲು ಎಂದು ಬರೆದು ಹರಿದುಕೊಟ್ಟರು. ರುದ್ರಾಣಿ ಮನಸಾರೆ ನಕ್ಕು ಸಹಿ ಹಾಕಿದರು.

ಹೊಂಗೆ ಮರದ ಕೆಳಗೆ ಬ್ಯಾಟರಿ ಹಾಕಿ ಐದು ನಿಮಿಷ ಕಾದರು. ಒಂದು 23.1 ತೋರಿಸಿತು, ಇನ್ನೆರಡು 23.0. ಸಮಯ ಐದು ಮೂವತ್ತೈದು ಎಂದು ಈರೇಶ ಪಂಚನಾಮೆಯಲ್ಲಿ ಬರೆದುಕೊಂಡ.

"ಗುರುಶಾಂತಪ್ಪನವರೇ, ನಿಮ್ಮನ್ನ ದಸ್ತಗಿರಿ ಮಾಡ್ಬೇಕಾಗುತ್ತೆ."

"ಮಾಡ್ರಿ," ಎಂದರು ಅವರು. ಬೆಳಗಿನಿಂದ ಕಟ್ಟಿಕೊಂಡಿದ್ದ ಉಸಿರು ಆಗ ಬಿಟ್ಟ ಹಾಗಿತ್ತು. ಠಾಣೆಯಲ್ಲಿ ಹೇಳಿಕೆ ಕೊಡುವಾಗ ಎರಡು ಲೋಟ ಚಹಾ ಕುಡಿದರು.

ಬುಧವಾರ ಸೋಪಿನ ನೀರು ಹಚ್ಚಿ ನೋಡಿದಾಗ ಗುರುಶಾಂತಪ್ಪನವರ ಮೇಜಿನ ಹಿಂದಿನ ಪೈಪಿನ ಜಾಯಿಂಟಿನಲ್ಲಿ ಗುಳ್ಳೆ ಎದ್ದವು. ಅದನ್ನು ಬಿಗಿ ಮಾಡಿದರು. ಅದೇ ಮಧ್ಯಾಹ್ನ ಮ್ಯಾಜಿಸ್ಟ್ರೇಟರು ಗುರುಶಾಂತಪ್ಪನವರಿಗೆ ಜಾಮೀನು ಕೊಟ್ಟರು. ಜಾಮೀನುದಾರನಾಗಿ ಸಂಬಳದ ಚೀಟಿ ಹಿಡಿದು ನಿಂತವನು ಸೀನ. ಅದು ರುದ್ರಾಣಿಗೆ ಆಶ್ಚರ್ಯ ತಂದಿತು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಸುದರ್ಶನ್ ಫೋನ್ ಮಾಡಿದರು. "ಬಾಡಿಗೆ ಮೀಟರ್ ಬಂದಿದೆ ಮೇಡಂ. ಸರ್ಟಿಫಿಕೇಟ್ ಎಲ್ಲಾ ಇದೆ. ಆದ್ರೆ ಈ ಸೀನ ಇಳಿಯಲ್ಲ ಅಂತಾನೆ. ಗುರುಶಾಂತಪ್ಪ ಬಂದು ನೋಡ್ಬೇಕಂತೆ. ಸಸ್ಪೆಂಡ್ ಮಾಡಿರೋನನ್ನ ಒಳಗೆ ಬಿಟ್ರೆ ಕೇಸಿಗೆ ತೊಂದರೆ ಆಗುತ್ತಾ?"

"ನನ್ನ ಎದುರಿಗೆ ಬರ್ಲಿ," ಎಂದು ರುದ್ರಾಣಿ ತಾವೇ ಹೊರಟರು.

ಗುರುಶಾಂತಪ್ಪ ವಿಸಿಟರ್ ಚೀಟಿ ಬರೆಸಿ ಒಳಗೆ ಬಂದರು. ಹೊಸ ಮೀಟರನ್ನು ಮೊದಲು ಮರದ ಕೆಳಗೆ ಒಯ್ದರು. 20.9. ಆಮೇಲೆ ಹಗ್ಗಕ್ಕೆ ಕಟ್ಟಿ ಗುಂಡಿಯ ತಳಕ್ಕೆ ಬಿಟ್ಟರು. ಸದ್ದು ಮಾಡಿತು. 17.8. ಆ ಮೂರರಲ್ಲಿ ಯಾವುದಾದರೂ ಆಗಿದ್ದರೆ 19.6ರ ಹತ್ತಿರ ತೋರಿಸಿ ಕೂಗದೆ ಸುಮ್ಮನಿರುತ್ತಿತ್ತು, ಸೀನ ಇಳಿದುಬಿಡುತ್ತಿದ್ದ. ಒಂದು ಗಂಟೆ ಬ್ಲೋವರ್ ಹಚ್ಚಿ ಹೊಸ ಗಾಳಿ ತುಂಬಿಸಿದರು. ಮತ್ತೆ ಇಳಿಸಿದರು. ಮೇಲೆ, ನಡುವೆ, ತಳದಲ್ಲಿ, ಮೂಲೆಯಲ್ಲಿ. ಎಲ್ಲ ಕಡೆ 20.9.

"ಏನಣ್ಣ?" ಎಂದ ಸೀನ.

ಗುರುಶಾಂತಪ್ಪ ಮೀಟರನ್ನು ಅವನ ಕಣ್ಣೆದುರಿಗೆ ಹಿಡಿದರು. ಸೀನ ಅದರ ಕಡೆ ತಿರುಗಿಯೂ ನೋಡಲಿಲ್ಲ. ಗುರುಶಾಂತಪ್ಪನವರ ಮುಖ ನೋಡುತ್ತ ನಿಂತ.

"ಮೀಟರ್ ನೋಡೋ," ಎಂದರು ಅವರು.

"ಏಳು ವರ್ಷದಿಂದ ನಾನು ಯಾವತ್ತು ಮೀಟರ್ ನೋಡಿದೀನಿ ಹೇಳಣ್ಣ? ನೀನು ಹೂಂ ಅಂದ್ರೆ ಇಳೀತೀನಿ, ಅಷ್ಟೇ."

ಇಪ್ಪತ್ತೊಂಬತ್ತು ವರ್ಷ ಕೈಯಲ್ಲಿ ಒಂದು ತಪ್ಪೂ ಆಗದ ಮನುಷ್ಯ ಬೀರುವಿನ ಕೀ ಕದ್ದದ್ದು ಏತಕ್ಕೆ ಎಂಬುದು ರುದ್ರಾಣಿಗೆ ಪೂರ್ತಿ ಅರ್ಥವಾದದ್ದು ಆಗ. ನೌಕರಿ ಹೋಗುವ ಭಯ ಅವರಿಗಿದ್ದದ್ದು ಕಡಿಮೆ. ತಪ್ಪು ತಿಳಿದರೆ ಈ ಕಡ್ಡಿ ಆಳು ಇನ್ನು ಮುಂದೆ ತನ್ನ ಮುಖ ನೋಡದೆ ಮೀಟರ್ ನೋಡಿ ಇಳಿಯುತ್ತಾನಲ್ಲ ಎಂಬುದನ್ನು ಅವರಿಂದ ತಡೆದುಕೊಳ್ಳಲಾಗಿರಲಿಲ್ಲ.

ಗುರುಶಾಂತಪ್ಪ ಕಣ್ಣೊರೆಸಿಕೊಂಡು ಇನ್ನೊಂದು ಸಲ ಮೀಟರ್ ನೋಡಿದರು, ಆಮೇಲೆ ತಲೆಯಾಡಿಸಿದರು. "ಹೂಂ."

ಸೀನ ಏಣಿಯ ಮೇಲೆ ಕಾಲಿಟ್ಟು ಇಳಿದ.