ಡಿ ಡ್ರೈವ್ ಮುಟ್ಟಬೇಡಿ

"ಪೂರ್ತಿ ಅಳಿಸಿಬಿಡಿ! ಒಂದು ಚೂರೂ ಉಳೀಬಾರದು!"

ಲ್ಯಾಪ್‌ಟಾಪನ್ನು ಕೌಂಟರಿನ ಗಾಜಿನ ಮೇಲೆ ಕುಕ್ಕಿ ಅವಳು ಹಾಗೆಂದಾಗ, ರಿಪೇರಿಯವನು ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಇಷ್ಟು ಕೋಪ ಯಾರ ಮೇಲೆ? ಲ್ಯಾಪ್‌ಟಾಪ್ ಮೇಲೋ, ನನ್ನ ಮೇಲೋ?"

"ನಿಮ್ಮ ಪರಿಚಯ ಈಗ ಆಗ್ತಿದೆ. ಕೋಪಕ್ಕೆ ಇನ್ನೂ ಟೈಮಿದೆ!"

ಅವನು ನಕ್ಕ. ಎಡಗೆನ್ನೆಯಲ್ಲಿ ಮಾತ್ರ ಗುಳಿ. ಅವಳು ಬೇಕೆಂದೇ ಗೋಡೆ ನೋಡಿದಳು.

ಅವಳು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಲ್ಯಾಪ್‌ಟಾಪ್ ಅವಳದೇ ದುಡಿಮೆಯದು. ಆದರೆ ತಂದ ದಿನ ಅದನ್ನು ಸಜ್ಜು ಮಾಡಿಕೊಟ್ಟ ಅಣ್ಣ, ಮುಖ್ಯ ಪಾಸ್‌ವರ್ಡನ್ನು ತನ್ನ ಬಳಿಯೇ ಇಟ್ಟುಕೊಂಡ. ಚಿತ್ರ ಬರೆಯುವ ಒಂದು ಹೊಸ ತಂತ್ರಾಂಶ ಹಾಕಿಕೊಳ್ಳಬೇಕೆಂದರೂ "ಅಣ್ಣಾ, ಒಂದ್ಸಲ ಬಾರೋ" ಎಂದು ಕರೆಯಬೇಕು. ಅವನು ನಿಧಾನವಾಗಿ ಬಂದು, ಅವಳಿಗೆ ಕಾಣದಂತೆ ಕೀಬೋರ್ಡಿಗೆ ಅಡ್ಡ ಬಾಗಿ ಟೈಪ್ ಮಾಡುವನು. "ನಿನ್ನ ಒಳ್ಳೇದಕ್ಕೇ ಪುಟ್ಟೀ!"

ಅವಳಿಗೆ ಸಾಕುಸಾಕಾಗಿತ್ತು. ಹಳೆಯ ಆಪರೇಟಿಂಗ್ ಸಿಸ್ಟಮ್ ಕಿತ್ತುಹಾಕಿ, ಲಿನಕ್ಸ್ ಎಂಬ ಹೊಸದನ್ನು ಹಾಕಿ, ಮೊದಲ ಪಾಸ್‌ವರ್ಡನ್ನು ತಾನೇ ಇಡಬೇಕು. ಅದೊಂದೇ ಹಟ.

"ಬ್ಯಾಕಪ್ ತಗೊಂಡಿದ್ದೀರಾ?"

"ಎಲ್ಲಾ ಭದ್ರವಾಗಿದೆ. ಆದ್ರೆ ಕ್ಲಿಕ್ ಮಾಡೋಳು ನಾನೇ. ನೀವು ಬರೀ ಹೇಳಿಕೊಡಿ!"

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಅವನು ಸ್ಟೂಲ್ ಎಳೆದು ಕೂರಿಸಿದ. ಕೌಂಟರಿನ ಗಾಜಿನ ಮೇಲೆ ಮಾರ್ಕರಿನಿಂದ ಉದ್ದನೆಯ ಚೌಕ ಬರೆದ.

"ಇದು ನಿಮ್ಮ ಡಿಸ್ಕ್ ಅಂದ್ಕೊಳ್ಳಿ. ಈ ಪುಟ್ಟ ಭಾಗ ಮೆಷಿನ್ ಶುರುವಾಗೋಕೆ. ಇದು ಸಿಸ್ಟಮ್‌ಗೆ. ಇದು ನಿಮ್ಮ ಚಿತ್ರಗಳಿಗೇ ಬೇರೆ. ನಾಳೆ ಸಿಸ್ಟಮ್ ಕೆಟ್ಟು ಹೊಸದಾಗಿ ಹಾಕಿದ್ರೂ ಚಿತ್ರಗಳು ಇದ್ದಲ್ಲೇ ಇರ್ತವೆ."

"ನನ್ನ ಚಿತ್ರಕ್ಕೆ ಇಷ್ಟೇನಾ?" ಅವಳು ಮಾರ್ಕರ್ ಕಸಿದು ಗೆರೆಯನ್ನು ಪಕ್ಕಕ್ಕೆ ತಳ್ಳಿದಳು.

"ಸಿಸ್ಟಮ್‌ಗೆ ಉಸಿರಾಡೋಕಾದ್ರೂ ಬಿಡಿ ಮೇಡಂ!"

ಬೆರಳಿಗೆ ಬೆರಳು ತಾಗಿತು. ಇಬ್ಬರೂ ಆ ಗೆರೆಯನ್ನೇ ದಿಟ್ಟಿಸಿದರು...

ಮೆಮೊರಿ ಹೆಚ್ಚಿಸುವ ಬಿಡಿಭಾಗ ಬರಬೇಕಿತ್ತು. ಅದು ಬರುವವರೆಗೂ ಅವಳು ದಿನಾ ಸಂಜೆ ಬಂದಳು. ಗಾಜಿನ ಮೇಲಿನ ಗೆರೆ ದಿನಕ್ಕೊಂದು ಕಡೆ ಸರಿಯಿತು. ನಿಜ ಹೇಳಬೇಕೆಂದರೆ, ಗೆರೆ ಮೊದಲ ದಿನವೇ ಸರಿಯಾಗಿತ್ತು!

ಬಿಡಿಭಾಗ ಬಂದ ಮರುದಿನ ಅವಳು ಬೀದಿಯ ತಿರುವಿನಲ್ಲೇ ನಿಂತುಬಿಟ್ಟಳು. ಅಂಗಡಿಯಿಂದ ಅಣ್ಣ ಹೊರಗೆ ಬರುತ್ತಿದ್ದ!

ಒಳಗೆ ಗಾಜಿನ ಮೇಲೆ ಹೊಸ ಚೌಕ. ಅದರ ಅರ್ಧಕ್ಕರ್ಧ ಹಳದಿ ಬಣ್ಣ ತುಂಬಿತ್ತು.

"ಇದೇನಿದು?"

"ನಿಮ್ಮ ಡಿ ಡ್ರೈವ್. ಇದನ್ನ ಸದ್ಯಕ್ಕೆ ಮುಟ್ಟಬೇಡಿ. ಯಾಕಂದ್ರೆ..."

"ಯಾಕಂದ್ರೆ ನಮ್ಮಣ್ಣ ಹೇಳಿದ! ಅಲ್ವಾ?"

"ಅವರು ಬಂದಿದ್ದು ನಿಜ. ಆದ್ರೆ..."

"ಸಾಕು! ನೀವೂ ಅವನ ಥರಾನೇ!"

ಹಳದಿಯನ್ನು ಅಂಗೈಯಿಂದಲೇ ಉಜ್ಜಿಹಾಕಿ, ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟಳು. ಕಣ್ಣು ತುಂಬಿತ್ತು. 'ಇವನೊಬ್ಬನಾದರೂ ನನ್ನನ್ನು ನಂಬುತ್ತಾನೆ ಅಂದುಕೊಂಡಿದ್ದೆನಲ್ಲ...'

ಮನೆಯಲ್ಲಿ, ಲಿನಕ್ಸ್ ಹಾಕಲೆಂದು ರಿಪೇರಿಯವನೇ ತಯಾರಿಸಿಕೊಟ್ಟಿದ್ದ ಪೆನ್‌ಡ್ರೈವ್ ಚುಚ್ಚಿದಳು. 'ಡಿಸ್ಕನ್ನು ಪೂರ್ತಿ ಅಳಿಸು' ಎಂಬ ಸಾಲಿನ ಮೇಲೆ ಬಾಣದ ಗುರುತು ನಿಂತಿತು. ಅಷ್ಟರಲ್ಲಿ ಅಣ್ಣ ಮುಖ ಊದಿಸಿಕೊಂಡು ಬಂದ.

"ಎಂಥವನೇ ಅವನು! ನನ್ನ ಅಕೌಂಟ್ ಒಂದು ಉಳಿಸಪ್ಪಾ ಅಂದ್ರೆ ಕ್ಯಾರೇ ಅನ್ನಲಿಲ್ಲ. 'ಲ್ಯಾಪ್‌ಟಾಪ್ ಅವರದು ಸಾರ್, ಅವರು ಹೇಳಿದ್ರೆ ಮಾತ್ರ' ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟ!"

ಅವಳ ಬೆರಳು ಹಾಗೇ ನಿಂತಿತು.

ಹಾಗಾದರೆ... ಡಿ ಡ್ರೈವ್ ಯಾಕೆ ಮುಟ್ಟಬಾರದು?

ಪರದೆಯನ್ನು ಮೊದಲ ಸಲ ಪದ ಬಿಡದೆ ಓದಿದಳು. ಡಿಸ್ಕ್ ಇದ್ದದ್ದು ಒಂದೇ! ಸಿ, ಡಿ ಎರಡೂ ಅದರದೇ ಭಾಗಗಳು. ಅವಳೋ ಡಿ ಬೇರೆಯೇ ಡಿಸ್ಕ್ ಎಂದುಕೊಂಡು, ಸಿಯಲ್ಲಿದ್ದ ಚಿತ್ರಗಳನ್ನೆಲ್ಲ ಡಿಗೆ ನಕಲು ಮಾಡಿ ಅದನ್ನೇ ಬ್ಯಾಕಪ್ ಎಂದು ನಂಬಿದ್ದಳು. ಒಂದು ಕ್ಲಿಕ್ ಆಗಿದ್ದರೆ, ಪ್ರಕಾಶಕರಿಗೆ ಇನ್ನೂ ಕಳಿಸದ ಬಾವಲಿಮರಿಯ ಪುಸ್ತಕ ಪೂರ್ತಿ ಹೋಗುತ್ತಿತ್ತು!

"ಏನಾಯ್ತೇ? ಸರಿ ಸರಿ, ಆ ಕಡೆ ಸರಿ, ನಾನು ನೋಡ್ತೀನಿ."

"ಬೇಡಣ್ಣಾ. ತಪ್ಪು ಮಾಡಿದ್ದು ನಾನು, ಸರಿ ಮಾಡೋಳೂ ನಾನೇ." ಅವಳ ದನಿ ತಗ್ಗಲಿಲ್ಲ. "ನೀನು ನನ್ನಣ್ಣ ಆಗಿರೋಕೆ ನನ್ನ ಪಾಸ್‌ವರ್ಡ್ ಬೇಕಾಗಿಲ್ಲ."

ಅಣ್ಣ ಸಣ್ಣ ದನಿಯಲ್ಲಿ ಕೇಳಿದ: "ಪ್ರಿಂಟ್ ತೆಗೆಯೋಕಾದ್ರೂ ಲ್ಯಾಪ್‌ಟಾಪ್ ಕೊಡ್ತೀಯಾ?"

"ಕೇಳಿದ್ರೆ ಕೊಡ್ತೀನಿ!"

ಲ್ಯಾಪ್‌ಟಾಪ್ ಅಪ್ಪಿಕೊಂಡು ಅಂಗಡಿಗೆ ಅವಳು ಓಡಿಯೇ ಬಂದಳು.

"ಹೇಳಬಾರದಾಗಿತ್ತಾ?"

"ಹೇಳೋಕೆ ಬಿಟ್ರಾ? ಮೆಮೊರಿ ಹಾಕಿ ನೋಡಿದಾಗ್ಲೇ ನಿಮ್ಮ ಬ್ಯಾಕಪ್ ಡಿಯಲ್ಲಿರೋದು ಕಾಣ್ತು."

ಅವಳು ತಲೆ ತಗ್ಗಿಸಿದಳು. ಅಂಗೈಯ ಹಳದಿ ಇನ್ನೂ ಹೋಗಿರಲಿಲ್ಲ. ಅವನು ಅದನ್ನು ನೋಡಿ, ಒದ್ದೆ ಬಟ್ಟೆಯನ್ನೂ ಒಂದು ಹೊರಗಿನ ಡಿಸ್ಕನ್ನೂ ಮುಂದಿಟ್ಟ. ಚಿತ್ರಗಳೆಲ್ಲ ಅದಕ್ಕೆ ಹೋದವು. ಅವನ ಕಂಪ್ಯೂಟರಿನಲ್ಲಿ ತೆರೆದು ನೋಡಿದರು: ಬಾವಲಿಮರಿ ತಲೆಕೆಳಗಾಗಿ ನಗುತ್ತಿತ್ತು.

ಆಮೇಲೆ ಅವಳೇ ಅಳಿಸಿದಳು. ಸಿ, ಡಿ, ಅಣ್ಣನ ಅಕೌಂಟ್, ಎಲ್ಲ! ಡಿಸ್ಕನ್ನು ಹೊಸದಾಗಿ ಹಂಚಿದವಳೂ ಅವಳೇ, ಮೊದಲ ದಿನದ ಗೆರೆಯಂತೆಯೇ.

ಹೊಸ ಪಾಸ್‌ವರ್ಡ್ ಕೇಳುವ ಪುಟ ಬಂತು. ಅವನು ಯಾರೂ ಹೇಳದೆಯೇ ಗೋಡೆಯ ಕಡೆ ತಿರುಗಿ ನಿಂತ.

ಅವಳು ಆ ಬೆನ್ನನ್ನೇ ನೋಡಿದಳು. ಇಷ್ಟು ಸುಲಭವಾಗಿತ್ತೇ ಇದು?

"ತಿರುಗಿ ಈ ಕಡೆ."

"ಆಯ್ತಾ?"

"ಇಲ್ಲ. ಮೊದಲು ಒಂದು ಮಾತು. ನೀವು ಅಂದ್ರೆ ನನಗಿಷ್ಟ. ಯಾರನ್ನೂ ಕೇಳಿ ಹೇಳ್ತಿಲ್ಲ!"

ಅವನ ಕೈಯಿಂದ ಮಾರ್ಕರ್ ಜಾರಿ ಬಿತ್ತು.

"ನಾನು ಮೊದಲನೇ ದಿನದಿಂದ..."

"ಮತ್ತೆ ಹೇಳಲಿಲ್ಲ ಯಾಕೆ?"

"ಕೋಪಕ್ಕೆ ಇನ್ನೂ ಟೈಮಿದೆ ಅಂದಿದ್ರಲ್ಲ... ಅದು ಬಂದು ಹೋಗ್ಲಿ ಅಂತ ಕಾದೆ."

"ಹೋಗಲ್ಲ ಅದು. ಜೀವನಪೂರ್ತಿ ಬರ್ತಾನೇ ಇರುತ್ತೆ. ಒಪ್ಪಿಗೆನಾ?"

"ಒಪ್ಪಿಗೆ."

"ಹಾಗಾದ್ರೆ ತಿರುಗಿ ಆ ಕಡೆ. ಪಾಸ್‌ವರ್ಡ್ ಹಾಕ್ಬೇಕು."

ಅವನು ವಿಧೇಯನಾಗಿ ತಿರುಗಿದ. ಅವನ ಭುಜ ಕುಲುಕುತ್ತಿತ್ತು.

"ಕದ್ದು ನೋಡ್ತಿದ್ದೀರಾ?"

"ಇಲ್ಲ... ನಗ್ತಿದ್ದೀನಿ."